ಗಂಟಲು ಹೇಳುವ ಬಹುವಚನ

ಮಕ್ಕಳೇ, ಇಂಗ್ಲಿಷ್ ಪಾಠದ ವೇಳೆ ನಿಮ್ಮ ಶಿಕ್ಷಕರು ‘ಐಸ್’ ಎಂದು ಹೇಳಿ ಅದರ ಅರ್ಥ ಕೇಳಿದರೆ ಏನು ಹೇಳುವಿರಿ? ‘ಮಂಜುಗಡ್ಡೆ’ ಎನ್ನುವಿರಿ ಅಲ್ಲವೇ? ಸರಿ. ಆದರೆ ಇಂಗ್ಲಿಷಿನಲ್ಲಿ ಕಣ್ಣಿಗೆ ‘ಐ’ ಎನ್ನುತ್ತಾರೆ. ಎರಡು ಕಣ್ಣುಗಳಾದರೆ ಪದದ ಕೊನೆಗೆ ‘ಎಸ್’ ಅಕ್ಷರ ಸೇರಿಸುತ್ತಾರೆ. ಕನ್ನಡ ಲಿಪಿಯಲ್ಲಿ ಬರೆಯಲು ಹೋದರೆ ಅದೂ ‘ಐಸ್’ ಆಗಿಬಿಡುತ್ತದೆ! ಹಾಗಾದರೆ ಕೇಳುವವರಿಗೆ ಮಂಜುಗಡ್ಡೆ ಯಾವುದು, ಕಣ್ಣುಗಳು ಯಾವುವು ಎಂದು ಹೇಗೆ ಗೊತ್ತಾಗುತ್ತದೆ?

ಉತ್ತರ ಪುಸ್ತಕದಲ್ಲಿಲ್ಲ, ನಿಮ್ಮ ಗಂಟಲಿನಲ್ಲಿದೆ. ಅದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ನಿಮ್ಮ ಕೈ ಮತ್ತು ಕಿವಿ ಸಾಕು. ಇನ್ನೂ ಒಂದು ವಸ್ತು ಬೇಕು. ಅದು ಒಂದನೇ ತರಗತಿಯಲ್ಲೇ ನಿಮಗೆ ಸಿಕ್ಕಿದೆ. ಅದು ಯಾವುದು ಎಂಬುದನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ.

ಚಟುವಟಿಕೆ 1: ಹಾವು ಮತ್ತು ದುಂಬಿ

ನಿಮ್ಮ ಅಂಗೈಯನ್ನು ಗಂಟಲಿನ ಮುಂಭಾಗಕ್ಕೆ ಮೆಲ್ಲಗೆ ಒತ್ತಿ ಹಿಡಿಯಿರಿ. ಹಾವು ಬುಸುಗುಟ್ಟುವಂತೆ ‘ಸ್‌ಸ್‌ಸ್‌ಸ್’ ಎಂದು ಉದ್ದವಾಗಿ ಹೇಳಿ. ಕೈಗೆ ಏನಾದರೂ ತಿಳಿಯಿತೇ? ಏನೂ ಇಲ್ಲ. ಗಾಳಿ ಮಾತ್ರ ಹಲ್ಲಿನ ಸಂದಿಯಿಂದ ಹೊರಗೆ ಹೋಗುತ್ತಿದೆ.

ಈಗ ನಾಲಿಗೆಯನ್ನಾಗಲಿ ಹಲ್ಲನ್ನಾಗಲಿ ಅಲುಗಿಸಬೇಡಿ. ಹಾಗೆಯೇ ಇಟ್ಟುಕೊಂಡು ಗಂಟಲಿನಿಂದ ದನಿ ಸೇರಿಸಿ. ದುಂಬಿ ಹಾರುವಾಗ ಕೇಳುವಂಥ ಶಬ್ದ ಬರುತ್ತದೆ. ಕೈಗೆ ನಡುಕ ತಿಳಿಯುತ್ತದೆ. ಬೆರಳುಗಳಿಂದ ಎರಡೂ ಕಿವಿ ಮುಚ್ಚಿಕೊಂಡು ಮತ್ತೊಮ್ಮೆ ಮಾಡಿ ನೋಡಿ. ತಲೆಯೊಳಗೇ ದುಂಬಿ ಹೊಕ್ಕಂತೆ ಕೇಳಿಸುತ್ತದೆ!

ಈ ದುಂಬಿಯ ಶಬ್ದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಆದ್ದರಿಂದ ‘ಜ’ ಅಕ್ಷರದ ಕೆಳಗೆ ಎರಡು ಚುಕ್ಕೆ ಇಟ್ಟು ‘ಜ಼’ ಎಂದು ಬರೆಯುವ ರೂಢಿಯಿದೆ. ಈ ಲೇಖನದಲ್ಲಿ ನಾವೂ ಹಾಗೆಯೇ ಬರೆಯೋಣ. ನೀವು ಓದುವಾಗ ಇದು ನಮ್ಮ ‘ಜ’ ಅಲ್ಲ, ದನಿ ಸೇರಿದ ‘ಸ’ ಎಂಬುದನ್ನು ನೆನಪಿಡಿ.

ಮಂಜುಗಡ್ಡೆ ಎಂದರೆ ‘ಐಸ್’. ಕಣ್ಣುಗಳು ಎಂದರೆ ‘ಐಜ಼್’. ವ್ಯತ್ಯಾಸ ಇಷ್ಟೇ. ಮೊದಲನೆಯದರ ಕೊನೆಯಲ್ಲಿ ಹಾವು, ಎರಡನೆಯದರ ಕೊನೆಯಲ್ಲಿ ದುಂಬಿ.

ಗಂಟಲಿನಲ್ಲಿ ನಡೆಯುವುದೇನು?

ನಮ್ಮ ಗಂಟಲಿನಲ್ಲಿ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ಅವು ದೂರ ಸರಿದು ನಿಂತಾಗ ಶ್ವಾಸಕೋಶದಿಂದ ಬಂದ ಗಾಳಿ ಸದ್ದಿಲ್ಲದೆ ನಡುವೆ ನುಸುಳಿ ಹೋಗುತ್ತದೆ. ಅವು ಹತ್ತಿರ ಬಂದಾಗ ಗಾಳಿ ಅವನ್ನು ತಳ್ಳಿಕೊಂಡು ಹೋಗಬೇಕಾಗುತ್ತದೆ. ಆಗ ತಂತುಗಳು ಕಂಪಿಸುತ್ತವೆ. ನಿಮ್ಮ ವಯಸ್ಸಿನ ಮಕ್ಕಳಲ್ಲಿ ಅವು ಒಂದು ಸೆಕೆಂಡಿಗೆ ಸುಮಾರು 250ರಿಂದ 300 ಬಾರಿ ಕಂಪಿಸುತ್ತವೆ. ನಿಮ್ಮ ಕೈಗೆ ತಿಳಿದ ನಡುಕ ಇದೇ.

ತಂತುಗಳು ಕಂಪಿಸಿ ಹುಟ್ಟುವ ಅಕ್ಷರಗಳಿಗೆ ‘ಘೋಷ’ ಎಂದು ಹೆಸರು. ಕಂಪಿಸದೆ ಹುಟ್ಟುವವು ‘ಅಘೋಷ’. ಎಲ್ಲ ಸ್ವರಗಳೂ ಘೋಷವೇ. ‘ಆ’ ಎಂದು ಹೇಳಿ ಕೈಯಿಂದ ಪರೀಕ್ಷಿಸಿ.

ನಿಮ್ಮ ಬಳಿ ಇರುವ ಕೀಲಿಕೈ

ಒಂದನೇ ತರಗತಿಯಲ್ಲೇ ನಿಮಗೆ ಸಿಕ್ಕ ವಸ್ತು ಯಾವುದು ಗೊತ್ತೇ? ವರ್ಣಮಾಲೆ! ಕ ಖ ಗ ಘ ಙ ಎಂದು ರಾಗವಾಗಿ ಹೇಳಿಕೊಂಡು ಬಂದಿರುವಿರಿ. ಈ ಸಾಲು ಸುಮ್ಮನೆ ಜೋಡಿಸಿದ್ದಲ್ಲ. ಪ್ರತಿ ವರ್ಗದಲ್ಲೂ ಮೊದಲ ಎರಡು ಅಕ್ಷರಗಳು ಅಘೋಷ. ಉಳಿದ ಮೂರು ಘೋಷ. ಅಕ್ಷರಗಳನ್ನು ಬಾಯಿಯಲ್ಲಿ ಹುಟ್ಟುವ ಜಾಗ ಮತ್ತು ಗಂಟಲಿನ ಕಂಪನ ನೋಡಿ ಹೀಗೆ ಜೋಡಿಸಿದ್ದಾರೆ. ಇಂಗ್ಲಿಷಿನ ಎ ಬಿ ಸಿ ಡಿ ಸಾಲಿನಲ್ಲಿ ಇಂಥ ಯಾವ ಕ್ರಮವೂ ಇಲ್ಲ.

ಇದನ್ನು ಪರೀಕ್ಷಿಸುವಾಗ ಒಂದು ಎಚ್ಚರಿಕೆ. ‘ಕ’ ಎಂದು ಪೂರ್ತಿ ಹೇಳಿದರೆ ಅದರಲ್ಲಿರುವ ‘ಅ’ ಸ್ವರವೇ ಗಂಟಲನ್ನು ನಡುಗಿಸುತ್ತದೆ. ಆದ್ದರಿಂದ ‘ಅ’ ಬಿಟ್ಟು ‘ಕ್’ ಎಂದಷ್ಟೇ ಹೇಳಿ. ಅನಂತರ ‘ಗ್’ ಎಂದು ಹೇಳಿ. ಕಿವಿ ಮುಚ್ಚಿಕೊಂಡರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಈಗ ಇಂಗ್ಲಿಷ್ ಪದಗಳಿಗೆ ಬರೋಣ. ಪದದ ಕೊನೆಯಲ್ಲಿ ಯಾವ ಅಕ್ಷರ ಬರೆದಿದ್ದಾರೆ ಎಂದು ನೋಡಬೇಡಿ. ಯಾವ ಶಬ್ದ ಕೇಳಿಸುತ್ತದೆ ಎಂದು ಗಮನಿಸಿ.

ನಿಯಮ 1: ಕೊನೆಯ ಶಬ್ದ ಅಘೋಷವಾದರೆ ‘ಸ್’ ಸೇರುತ್ತದೆ. ಬುಕ್, ಬುಕ್ಸ್. ಕ್ಯಾಟ್, ಕ್ಯಾಟ್ಸ್. ಕಪ್, ಕಪ್ಸ್. ಕ್, ಟ್, ಪ್ ಇವು ತಮ್ಮ ತಮ್ಮ ವರ್ಗದ ಮೊದಲ ಅಕ್ಷರಗಳು ಎಂಬುದನ್ನು ಗಮನಿಸಿ. ‘ರೂಫ್’ ಪದದ ‘ಫ್’ ಕೂಡ ಅಘೋಷ. ಆದ್ದರಿಂದ ರೂಫ್ಸ್.

ನಿಯಮ 2: ಕೊನೆಯ ಶಬ್ದ ಘೋಷವಾದರೆ ‘ಜ಼್’ ಸೇರುತ್ತದೆ. ಬ್ಯಾಗ್, ಬ್ಯಾಗ್‌ಜ಼್. ಬೆಡ್, ಬೆಡ್‌ಜ಼್. ಟಬ್, ಟಬ್‌ಜ಼್. ಗ್, ಡ್, ಬ್ ಇವು ವರ್ಗದ ಮೂರನೆಯ ಅಕ್ಷರಗಳು. ಅನುನಾಸಿಕಗಳೂ ಘೋಷ: ಪೆನ್, ಪೆನ್‌ಜ಼್, ಡ್ರಮ್, ಡ್ರಮ್‌ಜ಼್. ‘ಬಾಲ್’ ಪದದ ‘ಲ್’ ಕೂಡ ಘೋಷ: ಬಾಲ್‌ಜ಼್. ಸ್ವರದಿಂದ ಮುಗಿಯುವ ಪದಗಳೂ ಇದೇ ಗುಂಪಿಗೆ ಸೇರುತ್ತವೆ: ಟ್ರೀ, ಟ್ರೀಜ಼್. ನಮ್ಮ ‘ಐ’ ಕೂಡ ಹೀಗೆಯೇ ‘ಐಜ಼್’ ಆಯಿತು.

ಹೀಗೇಕೆ? ಬ್ಯಾಗ್ ಎನ್ನುವಾಗ ‘ಗ್’ಗಾಗಿ ಗಂಟಲು ಕಂಪಿಸುತ್ತಿರುತ್ತದೆ. ಅದನ್ನು ತಟ್ಟನೆ ನಿಲ್ಲಿಸಿ ‘ಸ್’ ಹೇಳುವುದಕ್ಕಿಂತ ಕಂಪನವನ್ನು ಹಾಗೆಯೇ ಮುಂದುವರಿಸುವುದು ಸುಲಭ. ಮುಂದುವರಿಸಿದರೆ ‘ಸ್’ ತಾನಾಗಿ ‘ಜ಼್’ ಆಗುತ್ತದೆ.

ಇದು ನಿಮಗೆ ಹೊಸದೇನಲ್ಲ. ಕನ್ನಡದಲ್ಲಿ ಮಳೆ ಮತ್ತು ಕಾಲ ಸೇರಿದರೆ ಏನಾಗುತ್ತದೆ? ಮಳೆಗಾಲ. ‘ಕ’ ಹೋಗಿ ‘ಗ’ ಬಂತು. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ‘ತ’ ಹೋಗಿ ‘ದ’ ಬಂತು. ವ್ಯಾಕರಣದಲ್ಲಿ ಇದಕ್ಕೆ ಆದೇಶ ಸಂಧಿ ಎನ್ನುತ್ತಾರೆ. ಹಿಂದಿನ ಪದದ ಕೊನೆಯ ಸ್ವರದಿಂದ ಗಂಟಲು ಕಂಪಿಸುತ್ತಿರುತ್ತದೆ. ಮುಂದಿನ ಅಘೋಷ ಅಕ್ಷರವೂ ಆ ಕಂಪನಕ್ಕೆ ಸಿಕ್ಕಿ ಘೋಷವಾಗುತ್ತದೆ. ಭಾಷೆ ಬೇರೆ, ಗಂಟಲು ಒಂದೇ!

ನಿಯಮ 3: ಇನ್ನು ಕೆಲವು ಪದಗಳು ಉಳಿದವು. ‘ಬಸ್’ ಪದಕ್ಕೆ ‘ಸ್’ ಸೇರಿಸಿ ನೋಡಿ. ‘ಬಸ್ಸ್’. ಒಂದು ಬಸ್ಸೋ ನಾಲ್ಕು ಬಸ್ಸೋ ಕೇಳುವವರಿಗೆ ತಿಳಿಯುವುದಿಲ್ಲ. ಎರಡು ಬುಸುಗುಟ್ಟುವ ಶಬ್ದಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಆದ್ದರಿಂದ ನಡುವೆ ಒಂದು ಪುಟ್ಟ ‘ಇ’ ಸ್ವರ ಬಂದು ಎರಡನ್ನೂ ಬಿಡಿಸುತ್ತದೆ. ಬಸ್, ಬಸಿಜ಼್. ಕೊನೆಯಲ್ಲಿ ‘ಸ್’ ಬರದೆ ‘ಜ಼್’ ಏಕೆ ಬಂತು? ಅದರ ಹಿಂದೆ ಇರುವ ‘ಇ’ ಸ್ವರ ಘೋಷ. ಅಂದರೆ ಇಲ್ಲಿಯೂ ಎರಡನೆಯ ನಿಯಮವೇ ನಡೆಯಿತು.

ಸ್, ಶ್, ಜ಼್, ಚ್, ಜ್ ಶಬ್ದಗಳಿಂದ ಮುಗಿಯುವ ಪದಗಳೆಲ್ಲ ಈ ಗುಂಪಿನವು. ಗ್ಲಾಸ್, ಗ್ಲಾಸಿಜ಼್. ಡಿಶ್, ಡಿಶಿಜ಼್. ರೋಜ಼್, ರೋಜ಼ಿಜ಼್. ಬೆಂಚ್, ಬೆಂಚಿಜ಼್. ಬ್ರಿಜ್, ಬ್ರಿಜಿಜ಼್. ‘ಬಾಕ್ಸ್’ ಕೂಡ ‘ಸ್’ನಿಂದ ಮುಗಿಯುತ್ತದೆ. ಆದ್ದರಿಂದ ಬಾಕ್ಸಿಜ಼್.

ಒಟ್ಟಿನಲ್ಲಿ ವರ್ಣಮಾಲೆಯ ಕೀಲಿಕೈ ಹೀಗಿದೆ. ವರ್ಗದ ಮೊದಲ ಅಕ್ಷರವಾದರೆ ‘ಸ್’. ಮೂರನೆಯದು ಮತ್ತು ಐದನೆಯದು ಆದರೆ ‘ಜ಼್’. ಚ ವರ್ಗದ ಚ್ ಮತ್ತು ಜ್ ಮಾತ್ರ ಇದಕ್ಕೆ ಹೊರತು. ಅವುಗಳಲ್ಲೇ ಬುಸುಗುಟ್ಟುವ ಗುಣ ಇರುವುದರಿಂದ ‘ಇಜ಼್’.

ವಗ್ ಎಂಬ ಹಕ್ಕಿ

ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗೆ ಈ ಮೂರು ನಿಯಮಗಳನ್ನು ಯಾರು ಹೇಳಿಕೊಡುತ್ತಾರೆ? ಯಾರೂ ಹೇಳಿಕೊಡುವುದಿಲ್ಲ! ಹಾಗಾದರೆ ಅವರು ಪ್ರತಿಯೊಂದು ಪದದ ಬಹುವಚನವನ್ನೂ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಾರೆಯೇ? ಇಲ್ಲವೆ ತಮಗೆ ತಿಳಿಯದಂತೆಯೇ ನಿಯಮವನ್ನು ಕಂಡುಕೊಂಡಿರುತ್ತಾರೆಯೇ?

ಅಮೆರಿಕದ ಜೀನ್ ಬರ್ಕೊ ಎಂಬ ಸಂಶೋಧಕಿ ಇದನ್ನು ಪರೀಕ್ಷಿಸಲು ಒಂದು ಜಾಣ ಉಪಾಯ ಹೂಡಿದರು. ಯಾವ ಮಗುವೂ ಹಿಂದೆ ಕೇಳಿರದ ಪದ ಕೊಟ್ಟರೆ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ಅವರು ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಎಂದು ಹೆಸರಿಟ್ಟರು. ಅಂಥ ಪ್ರಾಣಿ ಎಲ್ಲಿಯೂ ಇಲ್ಲ. 4ರಿಂದ 7 ವರ್ಷದ ಮಕ್ಕಳಿಗೆ ಚಿತ್ರ ತೋರಿಸಿ, ಇದು ಒಂದು ವಗ್ ಎಂದು ಹೇಳಿದರು. ಅನಂತರ ಅಂಥವೇ ಎರಡು ಪ್ರಾಣಿಗಳ ಚಿತ್ರ ತೋರಿಸಿ, ಈಗ ಎರಡು ಏನಿವೆ ಎಂದು ಕೇಳಿದರು.

ಹತ್ತರಲ್ಲಿ ಒಂಬತ್ತು ಮಕ್ಕಳು ‘ವಗ್‌ಜ಼್’ ಎಂದರು! ‘ವಗ್’ ಪದ ‘ಗ್’ನಿಂದ ಮುಗಿಯುತ್ತದೆ. ‘ಗ್’ ಘೋಷ. ಮಕ್ಕಳು ಸರಿಯಾಗಿಯೇ ದುಂಬಿಯ ದನಿ ಆರಿಸಿಕೊಂಡಿದ್ದರು. ಈ ಪರೀಕ್ಷೆಯ ಫಲಿತಾಂಶ 1958ರಲ್ಲಿ ಪ್ರಕಟವಾಯಿತು. ಮಕ್ಕಳು ಭಾಷೆ ಕಲಿಯುವುದು ಬರೀ ಅನುಕರಣೆಯಿಂದಲ್ಲ, ಅವರು ನಿಯಮವನ್ನೇ ಹಿಡಿಯುತ್ತಾರೆ ಎಂಬುದಕ್ಕೆ ಇದು ಇಂದಿಗೂ ಹೆಸರಾದ ಸಾಕ್ಷಿ.

ಇನ್ನೊಂದು ಸಂಗತಿ ಕೇಳಿ. ಅದೇ ಮಕ್ಕಳಿಗೆ ‘ಟ್ಯಾಸ್’ ಎಂಬ ಇನ್ನೊಂದು ಹುಸಿ ಪದ ಕೊಟ್ಟಾಗ ಸುಮಾರು ಮೂರನೆಯ ಒಂದು ಭಾಗದ ಮಕ್ಕಳು ಮಾತ್ರ ‘ಟ್ಯಾಸಿಜ಼್’ ಎಂದು ಸರಿಯಾಗಿ ಹೇಳಿದರು. ಅಂದರೆ ಇಂಗ್ಲಿಷ್ ಮನೆಮಾತಾಗಿರುವವರಿಗೂ ಮೂರನೆಯ ನಿಯಮ ತಡವಾಗಿಯೇ ಒಲಿಯುತ್ತದೆ. ಆದ್ದರಿಂದ ನಿಮಗೆ ಅದು ಮೊದಲ ದಿನವೇ ಬರದಿದ್ದರೆ ಬೇಸರ ಪಡಬೇಡಿ.

ಚಟುವಟಿಕೆ 2: ಕನ್ನಡದ ವಗ್

ಈ ಪರೀಕ್ಷೆಯನ್ನು ನೀವೂ ಮಾಡಬಹುದು. ಒಂದು ವಿಚಿತ್ರ ಪ್ರಾಣಿಯ ಚಿತ್ರ ಬರೆಯಿರಿ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರುವ 4 ಅಥವಾ 5 ವರ್ಷದ ಮಗುವಿಗೆ ಅದನ್ನು ತೋರಿಸಿ, “ಇದು ಟಿಮ್ಮು” ಎನ್ನಿ. ಅನಂತರ ಅಂಥ ಹಲವು ಪ್ರಾಣಿಗಳ ಚಿತ್ರ ತೋರಿಸಿ, “ಇವು ಏನು?” ಎಂದು ಕೇಳಿ. ಇನ್ನೊಂದು ಚಿತ್ರದಲ್ಲಿ ವಿಚಿತ್ರ ಟೋಪಿ ಹಾಕಿದ ಮನುಷ್ಯನನ್ನು ಬರೆದು, “ಇವನು ಒಬ್ಬ ಡುಮಕ” ಎನ್ನಿ. ಅಂಥ ಇಬ್ಬರು ಇದ್ದರೆ? ಮಗು ‘ಟಿಮ್ಮುಗಳು’, ‘ಡುಮಕರು’ ಎನ್ನುತ್ತದೆಯೇ? ವಸ್ತು ಮತ್ತು ಪ್ರಾಣಿಗಳಿಗೆ ‘ಗಳು’, ಜನರಿಗೆ ‘ರು’ ಎಂಬ ನಿಯಮವನ್ನು ಆ ಮಗು ಹಿಡಿದಿದೆಯೇ ಎಂಬುದು ಆಗ ತಿಳಿಯುತ್ತದೆ. ಹತ್ತು ಮಕ್ಕಳನ್ನು ಕೇಳಿ ಉತ್ತರಗಳನ್ನು ಪಟ್ಟಿ ಮಾಡಿ. ಉತ್ತರ ತಪ್ಪಾದರೆ ನಗಬೇಡಿ. ತಪ್ಪು ಉತ್ತರವೂ ನಿಮ್ಮ ಪಟ್ಟಿಯಲ್ಲಿ ಬರಬೇಕಾದ ಮಾಹಿತಿಯೇ.

ನಿಯಮ ಮೀರಿದ ಪದಗಳು

ಕನ್ನಡದಲ್ಲಿ ‘ಮಗು’ ಪದದ ಬಹುವಚನ ‘ಮಗುಗಳು’ ಅಲ್ಲ, ‘ಮಕ್ಕಳು’. ವಿಚಿತ್ರವೆಂದರೆ ಇಂಗ್ಲಿಷಿನಲ್ಲೂ ಅದೇ ಪದ ನಿಯಮ ಮೀರಿ ನಿಂತಿದೆ! ಚೈಲ್ಡ್, ಚಿಲ್ಡ್ರನ್. ಹಾಗೆಯೇ ಎತ್ತಿಗೆ ಆಕ್ಸ್, ಎತ್ತುಗಳಿಗೆ ಆಕ್ಸನ್. ಹಳೆಯ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಹಲವು ಪ್ರತ್ಯಯಗಳಿದ್ದವು. ‘ಎನ್’ ಅವುಗಳಲ್ಲಿ ಒಂದು. ಕಾಲಕ್ರಮದಲ್ಲಿ ‘ಎಸ್’ ಉಳಿದವನ್ನು ಹಿಂದೆ ತಳ್ಳಿತು.

ಈ ಬದಲಾವಣೆಯ ಕಾಲದಲ್ಲಿ ಜನರಿಗೆ ಎಂಥ ತೊಂದರೆಯಾಗುತ್ತಿತ್ತು ಎಂಬುದಕ್ಕೆ ಒಂದು ಕಥೆಯಿದೆ. ಇಂಗ್ಲೆಂಡಿನಲ್ಲಿ ಮೊದಲ ಮುದ್ರಣಾಲಯ ಸ್ಥಾಪಿಸಿದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಕೆಲವು ವ್ಯಾಪಾರಿಗಳು ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟಿದ್ದರು. ಗಾಳಿ ಬೀಸದೆ ಹಡಗು ನಿಂತಿತು. ಅವರು ದಡಕ್ಕಿಳಿದು ಒಂದು ಮನೆಗೆ ಹೋದರು. ಒಬ್ಬ ವ್ಯಾಪಾರಿ ತನ್ನ ಊರಿನ ರೂಢಿಯಂತೆ ಮೊಟ್ಟೆಗಳಿಗೆ ‘ಎಗ್ಗೆಸ್’ ಎಂದು ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು! ವ್ಯಾಪಾರಿಗೆ ಸಿಟ್ಟು ಬಂತು. ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಅವನು ಆಡಿದ್ದು ಇಂಗ್ಲಿಷನ್ನೇ. ಕೊನೆಗೆ ಇನ್ನೊಬ್ಬ ‘ಎಯ್ರನ್’ ಬೇಕೆಂದಾಗ ಆಕೆಗೆ ಅರ್ಥವಾಯಿತು. ಆ ಕಡೆ ಮೊಟ್ಟೆಗೆ ಪದವೂ ಬೇರೆ, ಬಹುವಚನದ ಕೊನೆಯೂ ಬೇರೆ. ಮುಂದೆ ‘ಎಯ್ರನ್’ ಮರೆಯಾಯಿತು. ‘ಎಗ್’ ಮತ್ತು ‘ಎಗ್‌ಜ಼್’ ಉಳಿದವು.

ಫುಟ್ ಎಂಬುದು ಫೀಟ್ ಆಗುವುದು, ಮೌಸ್ ಎಂಬುದು ಮೈಸ್ ಆಗುವುದು ಇನ್ನೊಂದು ಬಗೆ. ಇಂಗ್ಲಿಷ್ ಹುಟ್ಟುವುದಕ್ಕೂ ಮುಂಚಿನ ಅದರ ಪೂರ್ವಿಕ ಭಾಷೆಯಲ್ಲಿ ಈ ಪದಗಳ ಬಹುವಚನದ ಕೊನೆಯಲ್ಲಿ ‘ಇ’ ಸ್ವರವಿತ್ತು. ‘ಓ’, ‘ಊ’ ಎನ್ನುವಾಗ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ‘ಈ’ ಎನ್ನುವಾಗ ಮುಂದಕ್ಕೆ ಬರುತ್ತದೆ. ಹೇಳಿ ನೋಡಿ. ಕೊನೆಯ ‘ಇ’ಗಾಗಿ ನಾಲಿಗೆ ಮೊದಲೇ ಮುಂದಕ್ಕೆ ಬರತೊಡಗಿತು. ಇದರಿಂದ ನಡುವಿನ ಸ್ವರವೇ ಬದಲಾಯಿತು. ಆಮೇಲೆ ಕೊನೆಯ ‘ಇ’ ಸವೆದುಹೋಯಿತು. ಬದಲಾದ ಸ್ವರ ಮಾತ್ರ ಗುರುತಾಗಿ ಉಳಿಯಿತು.

ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳು ‘ಫುಟ್ಸ್’, ‘ಮೌಸಿಜ಼್’ ಎಂದು ತಪ್ಪು ಹೇಳುವುದು ಸಾಮಾನ್ಯ. ಇದು ದಡ್ಡತನವಲ್ಲ. ನಿಯಮ ತಿಳಿದಿದ್ದರಿಂದಲೇ ಆದ ತಪ್ಪು. ನಿಮ್ಮ ತರಗತಿಯಲ್ಲಿ ಯಾರಾದರೂ ‘ಚೈಲ್ಡ್‌ಜ಼್’ ಎಂದರೆ ನಗುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಆ ವಿದ್ಯಾರ್ಥಿ ನಿಯಮ ಕಲಿತಾಗಿದೆ. ಹೊರತಾದ ಪದವನ್ನು ಕಲಿಯುವುದಷ್ಟೇ ಬಾಕಿ.

ಬರೆಯುವಾಗ

ಬರವಣಿಗೆಯಲ್ಲಿ ‘ಸ್’ ಮತ್ತು ‘ಜ಼್’ ಎರಡಕ್ಕೂ ಒಂದೇ ಅಕ್ಷರ ‘ಎಸ್’. ‘ಇಜ಼್’ ಎಂದು ಕೇಳಿಸುವ ಕಡೆ ‘ಇ ಎಸ್’ ಬರೆಯಬೇಕು. ರೋಜ಼್, ಬ್ರಿಜ್ ಪದಗಳಂತೆ ಕೊನೆಯಲ್ಲಿ ಮೊದಲೇ ‘ಇ’ ಅಕ್ಷರವಿದ್ದರೆ ‘ಎಸ್’ ಮಾತ್ರ ಸಾಕು.

ವ್ಯಂಜನದ ಮುಂದೆ ‘ವೈ’ ಅಕ್ಷರ ಬಂದು ಪದ ಮುಗಿದರೆ ‘ವೈ’ ತೆಗೆದು ‘ಐ ಇ ಎಸ್’ ಬರೆಯಬೇಕು. ಬೇಬಿ, ಸಿಟಿ ಈ ಬಗೆಯವು. ಬಾಯ್, ಕೀ ಪದಗಳಲ್ಲಿ ‘ವೈ’ ಹಿಂದೆ ಸ್ವರಾಕ್ಷರವಿದೆ. ಅಲ್ಲಿ ‘ಎಸ್’ ಸಾಕು.

ನೈಫ್, ಲೀಫ್, ವುಲ್ಫ್ ಪದಗಳಲ್ಲಿ ‘ಎಫ್’ ಹೋಗಿ ‘ವಿ’ ಬರುತ್ತದೆ: ನೈವ್‌ಜ಼್, ಲೀವ್‌ಜ಼್, ವುಲ್ವ್‌ಜ಼್. ಇದೂ ಗಂಟಲಿನ ಆಟವೇ. ‘ಫ್’ ಹೇಳುತ್ತಲೇ ಗಂಟಲು ಕಂಪಿಸಿದರೆ ‘ವ್’ನಂಥ ಶಬ್ದ ಬರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ‘ಫ್’ ಘೋಷವಾಗುತ್ತಿತ್ತು. ಆದರೆ ರೂಫ್, ಚೀಫ್ ಪದಗಳಲ್ಲಿ ‘ಎಫ್’ ಹಾಗೆಯೇ ಉಳಿಯುತ್ತದೆ. ಇವನ್ನು ನೆನಪಿಟ್ಟುಕೊಳ್ಳಬೇಕು.

ಕನ್ನಡಿಗರಿಗೆ ಒಂದು ಕಿವಿಮಾತು. ನಾವು ‘ಐದು ರೂಪಾಯಿ’, ‘ಎರಡು ಪುಸ್ತಕ’, ‘ಹತ್ತು ಹಸು’ ಎನ್ನುತ್ತೇವೆ. ಸಂಖ್ಯೆ ಹೇಳಿಯಾಗಿದೆ, ಮತ್ತೆ ‘ಗಳು’ ಏಕೆ ಎಂದು ಬಿಡುತ್ತೇವೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಸಂಖ್ಯೆ ಇದ್ದರೂ ‘ಟೂ ಬುಕ್ಸ್’ ಎನ್ನಲೇಬೇಕು. ‘ಟೂ ಬುಕ್’ ಎಂದು ನಮ್ಮ ಬಾಯಿಗೆ ಬರುವುದು ಕನ್ನಡದ ಅಭ್ಯಾಸದಿಂದ. ಅದು ತಿಳಿದರೆ ತಿದ್ದಿಕೊಳ್ಳುವುದು ಸುಲಭ. ಆದರೆ ಶೀಪ್, ಡೀರ್ ಪದಗಳು ಒಂದಿದ್ದರೂ ನೂರಿದ್ದರೂ ಬದಲಾಗುವುದಿಲ್ಲ.

ಚಟುವಟಿಕೆ 3: ಮೂರು ಡಬ್ಬಿ

ಮೂರು ಖಾಲಿ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದರ ಮೇಲೆ ‘ಸ್’, ಇನ್ನೊಂದರ ಮೇಲೆ ‘ಜ಼್’, ಮತ್ತೊಂದರ ಮೇಲೆ ‘ಇಜ಼್’ ಎಂದು ಬರೆದು ಅಂಟಿಸಿ. ನಿಮ್ಮ ಶಾಲೆಯಲ್ಲಿ ಕಣ್ಣಿಗೆ ಬೀಳುವ ಈ ವಸ್ತುಗಳ ಹೆಸರನ್ನು ಚೀಟಿಗಳಲ್ಲಿ ಬರೆಯಿರಿ: ಡೆಸ್ಕ್, ಬೆಂಚ್, ಮ್ಯಾಪ್, ಡಸ್ಟರ್, ಪ್ಲೇಟ್, ಬಲ್ಬ್, ಸ್ವಿಚ್, ಫ್ಯಾನ್, ಬಕೆಟ್, ಗ್ಲಾಸ್, ಕ್ಲಾಕ್, ಟೇಬಲ್. ಒಬ್ಬೊಬ್ಬರಾಗಿ ಬಂದು ಚೀಟಿ ಎತ್ತಿ, ಗಂಟಲ ಮೇಲೆ ಕೈಯಿಟ್ಟು ಪದವನ್ನು ಗಟ್ಟಿಯಾಗಿ ಹೇಳಿ. ಕೊನೆಯ ಶಬ್ದ ಗಮನಿಸಿ ಸರಿಯಾದ ಡಬ್ಬಿಗೆ ಹಾಕಿ. ಅನಂತರ ಅದರ ಬಹುವಚನ ಹೇಳಿ.

ಯೋಚಿಸಿ: ನಮ್ಮ ‘ದೋಸೆ’ ಈಗ ಇಂಗ್ಲಿಷ್ ನಿಘಂಟುಗಳಲ್ಲಿ ‘ದೋಸಾ’ ಎಂದು ಸೇರಿದೆ. ಇಂಗ್ಲಿಷಿನವರು ಎರಡು ದೋಸೆ ಕೇಳುವಾಗ ಕೊನೆಯಲ್ಲಿ ಯಾವ ಶಬ್ದ ಸೇರಿಸುತ್ತಾರೆ? ಏಕೆ?

ಉತ್ತರಗಳು

ಸ್: ಡೆಸ್ಕ್, ಮ್ಯಾಪ್, ಪ್ಲೇಟ್, ಬಕೆಟ್, ಕ್ಲಾಕ್.
ಜ಼್: ಡಸ್ಟರ್, ಬಲ್ಬ್, ಫ್ಯಾನ್, ಟೇಬಲ್.
ಇಜ಼್: ಬೆಂಚ್, ಸ್ವಿಚ್, ಗ್ಲಾಸ್.
ದೋಸಾ: ಸ್ವರದಿಂದ ಮುಗಿಯುತ್ತದೆ. ಸ್ವರಗಳೆಲ್ಲ ಘೋಷ. ಆದ್ದರಿಂದ ‘ದೋಸಾಜ಼್’.

ನಿಮ್ಮ ಉತ್ತರ ಬೇರೆಯಾಗಿದ್ದರೆ ಗಂಟಲ ಮೇಲೆ ಕೈಯಿಟ್ಟು ಇನ್ನೊಮ್ಮೆ ಹೇಳಿ ನೋಡಿ.